ಮಂಗಳವಾರದ ಕುರಿ, ಗುರುವಾರದ ಕುರಿ

ನಮ್ಮ ಶಸ್ತ್ರಚಿಕಿತ್ಸಾ ವಿಭಾಗದಲ್ಲಿ ಈಗಲೂ ಹೇಳುವ ಕಥೆ ಹೀಗಿದೆ. ಕುರಿಯ ಅನ್ನನಾಳವನ್ನು ಕತ್ತರಿಸಿ ಮತ್ತೆ ಕೂಡಿಸಲು ಎರಡು ಬಗೆಯ ಹೊಲಿಗೆ ಹಾಕಿ ಹೋಲಿಸಿ ನೋಡಿದರು. ಒಂದು ಪದರದ ಹೊಲಿಗೆ ಗೆದ್ದಿತು, ಎರಡು ಪದರದ್ದು ಸೋತಿತು. ಎಲ್ಲ ಮುಗಿಯುವ ಹೊತ್ತಿಗೆ ಒಬ್ಬಳು ವಿದ್ಯಾರ್ಥಿನಿ, ಚರ್ಚಾಸ್ಪರ್ಧೆಯ ಚಟದವಳು, ಜನರ ಆಚಾರವನ್ನು ಆಡಿಕೊಳ್ಳಬೇಕೆಂದೇ ತಗಾದೆ ತೆಗೆದಳು.

ಆ ವಿದ್ಯಾರ್ಥಿನಿ ನಾನು. ಚಟ ಇರುವುದು ನಿಜ. ಉಳಿದ ಮಾತೆಲ್ಲ ಹಸಿ ಸುಳ್ಳಾಗಿದ್ದರೆ ಒಂದೇ ಏಟಿಗೆ ಮುರಿದು ಹಾಕುತ್ತಿದ್ದೆ. ಕಷ್ಟ ಅಂದರೆ ಅವು ಸುಳ್ಳಲ್ಲ, ಅರ್ಧ ಹೇಳಿ ನಿಲ್ಲಿಸಿದ ನಿಜ. ಗೆದ್ದಿತು ಅನ್ನುವವರನ್ನು ನಾನು ಕೇಳುವುದು ಇಷ್ಟೇ: ಯಾರ ಮೇಲೆ, ಯಾವ ದಿನ, ಹೊಟ್ಟೆಯಲ್ಲಿ ಏನಿದ್ದಾಗ?

ಮೊದಲು ಕೆಲಸ ಏನು ಅಂತ ಹೇಳುತ್ತೇನೆ. ನಮ್ಮ ಕಡೆ ಕಬ್ಬು ಕಡಿಯುವ ಕಾಲದಲ್ಲಿ ಹಸುಗಳು ಕಬ್ಬಿನ ತುಂಡನ್ನು ಅರ್ಧ ಅಗಿದು ನುಂಗಿ ಗಂಟಲಿಗೆ ಸಿಕ್ಕಿಸಿಕೊಳ್ಳುತ್ತವೆ. ಮಾವಿನ ಕಾಲದಲ್ಲಿ ಓಟೆ, ಅಂದರೆ ಹಣ್ಣಿನ ಗೊರಟು. ಹೆಚ್ಚಿನವನ್ನು ಹೊರಗಿನಿಂದ ನೀವಿ, ಇಲ್ಲವೇ ಕೊಳವೆ ಹಾಕಿ ತಳ್ಳಿ ಸರಿಮಾಡಬಹುದು. ಕೆಲವು ಬಗ್ಗುವುದಿಲ್ಲ. ತುಂಡು ಕೂತ ಜಾಗದಲ್ಲಿ ನಾಳದ ಗೋಡೆ ಕಪ್ಪಗಾಗಿ ಸತ್ತುಹೋಗಿರುತ್ತದೆ. ಆಗ ಸತ್ತಷ್ಟನ್ನು ಕತ್ತರಿಸಿ ತೆಗೆದು ಎರಡು ತುದಿಗಳನ್ನು ಕೂಡಿಸಬೇಕು. ಅದಕ್ಕೆ ಕೈ ಹಾಕುವ ವೈದ್ಯರು ಕಡಿಮೆ, ಹಾಕಿದ ಮೇಲೆ ಉಳಿಯುವ ಪ್ರಾಣಿ ಇನ್ನೂ ಕಡಿಮೆ.

ಏಕೆಂದರೆ ಮೈಯೊಳಗಿನ ನಾಳಗಳಲ್ಲೆಲ್ಲ ಹಟಮಾರಿ ಅನ್ನನಾಳ. ಕರುಳಿಗೆ ಹೊರಗಡೆ ಒಂದು ನುಣುಪಾದ ಪೊರೆ ಇದೆ. ಹೊಲಿಗೆ ಹಾಕಿದ ಕೆಲವೇ ಗಂಟೆಗಳಲ್ಲಿ ಅದು ಅಂಟಿಕೊಂಡು ಬಾಯಿ ಮುಚ್ಚಿಬಿಡುತ್ತದೆ. ಅನ್ನನಾಳಕ್ಕೆ ಆ ಭಾಗ್ಯ ಇಲ್ಲ. ಬರೀ ಮಾಂಸದ ಎಳೆಗಳು. ದಾರ ಬಿಗಿದರೆ ಹರಿದುಕೊಂಡು ಬರುತ್ತವೆ. ಮೇಲಾಗಿ ಅದಕ್ಕೆ ಬಿಡುವು ಅನ್ನುವುದಿಲ್ಲ, ಎಂಜಲು ನುಂಗಿದರೂ ಅಲುಗಬೇಕು. ಕುರಿಯಲ್ಲಂತೂ ನುಂಗಿದ್ದು ಕೆಳಗೆ ಹೋಗುತ್ತದೆ, ಮೆಲುಕಿಗೆಂದು ಮೇಲೆ ಬರುತ್ತದೆ, ಮತ್ತೆ ಕೆಳಗೆ ಹೋಗುತ್ತದೆ. ನಾಯಿಯನ್ನು ಕೊಯ್ದು ಬರೆದ ಪುಸ್ತಕಗಳಲ್ಲಿ ಈ ವಾಪಸು ಪ್ರಯಾಣದ ಮಾತೇ ಇಲ್ಲ.

ಹಳೆಯ ಪದ್ಧತಿ ಎರಡು ಪದರದ್ದು. ಮೊದಲು ಒಳಗಿನ ಬಿಳಿ ಪದರವನ್ನು ಬಿಡಿ ಬಿಡಿ ಹೊಲಿಗೆಗಳಿಂದ ಕೂಡಿಸಿ ಗಂಟನ್ನು ನಾಳದ ಒಳಗೆ ಬಿಡುವುದು. ಆಮೇಲೆ ಹೊರಗಿನ ಮಾಂಸಕ್ಕೆ ಇನ್ನೊಂದು ಸಾಲು, ಗಂಟು ಹೊರಗೆ. ಭದ್ರ, ಆದರೆ ನಿಧಾನ. ಒಳಗೆ ಮಡಿಕೆ ಬಿದ್ದು ದಾರಿ ಕಿರಿದಾಗುವ ಭಯ. ಇನ್ನೊಂದು ಒಂದೇ ಪದರದ್ದು. ಒಂದೇ ಸೂಜಿಯಲ್ಲಿ ಗೋಡೆಯ ಆಚೆಯಿಂದ ಈಚೆಗೆ ತೆಗೆದು ಹೊರಗೆ ಗಂಟು. ಬೇಗ ಮುಗಿಯುತ್ತದೆ, ದಾರ ಕಡಿಮೆ, ರಕ್ತದ ಓಟಕ್ಕೂ ತಡೆ ಕಡಿಮೆ. ನನ್ನ ಗೈಡ್ ಒಂದು ಪದರದ ಪಕ್ಷ. ನನ್ನ ಸ್ನಾತಕೋತ್ತರ ಪ್ರಬಂಧಕ್ಕೆ ಈ ಹೋಲಿಕೆಯನ್ನು ಕೊಟ್ಟವರೂ ಅವರೇ.

ಅವರು ಮದ್ದೂರು ಕಡೆಯ ದೊಡ್ಡ ಒಕ್ಕಲು ಮನೆಯವರು. ಅವರ ಕೈಯ ಬಗ್ಗೆ ನಾನು ಒಂದು ಮಾತೂ ಎದುರಾಡುವುದಿಲ್ಲ. ಗಂಟು ಹಾಕುವಾಗ ದಾರಕ್ಕೂ ಗೊತ್ತಾಗದ ಹಾಗೆ ಹಾಕುತ್ತಾರೆ. ಆ ಕೈ ನೋಡಿಯೇ ನಾನು ಈ ವಿಭಾಗಕ್ಕೆ ಸೇರಿದ್ದು. ತಕರಾರು ಶುರುವಾದದ್ದು ಕೈಯಿಂದಲ್ಲ, ವಾರದಿಂದ.

ಗೈಡ್‌ಗೆ ಬಿಡುವು ಇದ್ದದ್ದು ಸೋಮವಾರ ಮತ್ತು ಗುರುವಾರ. ಸೋಮವಾರ ಒಂದು ಪದರ, ಗುರುವಾರ ಎರಡು ಪದರ ಅಂತ ಅವರೇ ಹಂಚಿದರು. ದಾರ, ಸೂಜಿ, ಚಿಮಟ ಎಲ್ಲವನ್ನೂ ಆಯಾ ಪದ್ಧತಿಗೆ ತಕ್ಕಂತೆ ಬೇರೆ ಬೇರೆ ಟ್ರೇಯಲ್ಲಿ ಕುದಿಸಿ ಕಟ್ಟಿಡಬಹುದು, ಗೊಂದಲ ಇರುವುದಿಲ್ಲ ಅನ್ನುವುದು ಅವರ ವಾದ. ಯಾವ ಕುರಿಗೆ ಯಾವ ಹೊಲಿಗೆ ಅಂತ ಪ್ರತಿ ಸಲ ಚೀಟಿ ಎತ್ತಿ ತೀರ್ಮಾನಿಸೋಣ ಸಾರ್ ಅಂತ ನಾನು ಆಗಲೇ ಕೇಳಿದ್ದೆ.

"ಚೀಟಿ ಎತ್ತೋಕೆ ಇದೇನು ಚೀಟಿ ವ್ಯವಹಾರ ಏನಮ್ಮ?" ಅಂದರು. ವಿಭಾಗವೆಲ್ಲ ನಕ್ಕಿತು. ನಾನೂ ನಕ್ಕೆ, ಮಾತು ಚೆನ್ನಾಗಿತ್ತು.

ಪ್ರಯೋಗದ ಕೊಟ್ಟಿಗೆ ಇದ್ದದ್ದು ಮದ್ದೂರಿನಿಂದ ಮಳವಳ್ಳಿಗೆ ಹೋಗುವ ದಾರಿಯಲ್ಲಿ, ಸುತ್ತ ಕಬ್ಬಿನ ಗದ್ದೆ. ನಾನು ಮಂಡ್ಯದ ಹಾಸ್ಟೆಲಿನಿಂದ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಕುರಿಗಳು ಮಳವಳ್ಳಿ ಸಂತೆಯವು. ಮಾಂಸಕ್ಕೆ ಹೆಸರಾದ, ಬೆಲೆಬಾಳುವ ಬಂಡೂರು ತಳಿಯನ್ನು ಪ್ರಯೋಗಕ್ಕೆ ಕೊಡುವಷ್ಟು ಹುಚ್ಚರು ಅಲ್ಲಿ ಯಾರೂ ಇಲ್ಲ, ನಮಗೆ ಸಿಕ್ಕಿದ್ದು ಬೆರಕೆ. ಮೇವು, ನೀರು, ಗಂಜಲ, ಹಿಕ್ಕೆ ಎಲ್ಲ ನೋಡಿಕೊಳ್ಳುತ್ತಿದ್ದವರು ಪಕ್ಕದ ಊರಿನ ಒಬ್ಬ ಅಣ್ಣ. ನಿಯಮ ಸರಳವಾಗಿತ್ತು. ಕೊಯ್ಯುವ ಹಿಂದಿನ ದಿನ ಬೆಳಿಗ್ಗೆ ಮೇವು ನಿಲ್ಲಿಸಬೇಕು, ಹೊಟ್ಟೆ ಹಗುರಾಗಲಿ ಅಂತ. ಸೋಮವಾರದ ಕುರಿಗೆ ಭಾನುವಾರ, ಗುರುವಾರದ ಕುರಿಗೆ ಬುಧವಾರ. ಗೋಡೆಗೆ ಹಾಗೆಂದು ಬರೆದೂ ಅಂಟಿಸಿದ್ದೆವು.

ಮೊದಲ ಸೋಮವಾರ ಬೆಳಿಗ್ಗೆ ಕುರಿಯ ಕುತ್ತಿಗೆ ಬೋಳಿಸಲು ಕತ್ತರಿ ಕೇಳಿದರೆ ಆ ಅಣ್ಣ ಕೈ ಕಟ್ಟಿಕೊಂಡು ನಿಂತರು.

"ಸ್ವಾಮಾರ ಕಣವ್ವ."

"ಅದಕ್ಕೆ?"

"ಅದಕ್ಕೆ ಅಂದ್ರೆ? ಬಸವಪ್ಪನ ವಾರ. ಆರು ಕಟ್ಟಕಿಲ್ಲ, ಕತ್ತಿ ಆಕಕಿಲ್ಲ. ಮಂಗ್ಳಾರ ಮಾಡುದ್ರೆ ಕುರಿ ಏನ್ ಓಡೋದದಾ?"

"ಅಣ್ಣ, ಇದು ಸಾಯಿಸೋದಕ್ಕೆ ಕೊಯ್ಯೋದಲ್ಲ. ಕೊಯ್ದು ಹೊಲಿಯೋದು."

"ಕೊಯ್ಯಾದು ಕೊಯ್ಯಾದೇ ಬುಡವ್ವ."

ಗೈಡ್ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದರು. "ಬಿಡಮ್ಮ," ಅಂದರು, "ನಮ್ಮನೇಲೂ ಸೋಮವಾರ ನೇಗಿಲು ಮುಟ್ಟಲ್ಲ. ನಾಳೆ ಕ್ಲಾಸು ಬೇರೆಯವರಿಗೆ ಒಪ್ಪಿಸಿ ಬರ್ತೀನಿ, ನಾಳೆ ಮಾಡಣ."

ನಮ್ಮ ಮನೆ ಹಲಗೂರಿನ ಪಕ್ಕದ ಹಳ್ಳಿಯಲ್ಲಿ. ಅಪ್ಪ ಹೈಸ್ಕೂಲು ಮೇಷ್ಟ್ರು, ತಾತನ ಕಾಲಕ್ಕೇ ನಾವು ಬೌದ್ಧರು. ಸೋಮವಾರ ಅಂದರೆ ನಮ್ಮಲ್ಲಿ ಶಾಲೆ ಶುರುವಾಗುವ ದಿನ, ಅಷ್ಟೆ. ಆದರೂ ಆವತ್ತು ನಾನು ವಾದ ಮಾಡಲಿಲ್ಲ. ಒಂದು ದಿನ ಎತ್ತಿಗೆ ಬಿಡುವು ಕೊಡುವ ಪದ್ಧತಿಯಲ್ಲಿ ನನಗೆ ಯಾವ ತಪ್ಪೂ ಕಾಣಲಿಲ್ಲ, ಈಗಲೂ ಕಾಣುವುದಿಲ್ಲ. ಸೋಮವಾರದ ಕೆಲಸ ಮಂಗಳವಾರಕ್ಕೆ ಹೋಯಿತು. ಆಮೇಲಿನ ವಾರಗಳಲ್ಲೂ ಅದೇ ರೂಢಿಯಾಯಿತು. ಗೋಡೆಯ ಕಾಗದವನ್ನು ಮಾತ್ರ ಯಾರೂ ತಿದ್ದಲಿಲ್ಲ. ಅದು ಪ್ರಾಣಿಪ್ರಯೋಗದ ನೈತಿಕ ಸಮಿತಿ ಒಪ್ಪಿದ ಕ್ರಮ. ತಿದ್ದಬೇಕಾದರೆ ಕಾರಣ ಬರೆದುಕೊಡಬೇಕು. ಬಸವಪ್ಪನ ವಾರ ಅನ್ನುವುದನ್ನು ಸಮಿತಿಗೆ ಇಂಗ್ಲಿಷಿನಲ್ಲಿ ಬರೆಯುವವರು ಯಾರು?

ಕೆಲಸ ಸಾಗಿತು. ಅರಿವಳಿಕೆ ನನ್ನ ಸಹಪಾಠಿಯ ಪಾಲಿಗೆ. ಮದ್ದು ಚುಚ್ಚಿ, ಶ್ವಾಸನಾಳಕ್ಕೆ ಕೊಳವೆ ಇಳಿಸಿ, ಕುರಿಯನ್ನು ಬಲಮಗ್ಗುಲಿಗೆ ಮಲಗಿಸಿ, ಜೊಲ್ಲು ಹೊರಗೆ ಹರಿಯುವಂತೆ ತಲೆಯನ್ನು ಇಳಿಜಾರಿಗೆ ಬಿಡುತ್ತಿದ್ದ. ಕೊರಳ ನಡುವೆ ಅನ್ನನಾಳ ಎಡಕ್ಕೆ ವಾಲಿರುವುದರಿಂದ ಎಡಗಡೆ ಕೊಯ್ಯಬೇಕು. ಬಾಯಿಂದ ಒಂದು ರಬ್ಬರು ಕೊಳವೆ ತೂರಿಸಿದರೆ ಮಾಂಸದ ನಡುವೆ ನಾಳ ಬೆರಳಿಗೆ ಸಿಗುತ್ತದೆ. ಪಕ್ಕದಲ್ಲೇ ಮಿಡಿಯುವ ದೊಡ್ಡ ರಕ್ತನಾಳ, ಅದಕ್ಕೆ ಅಂಟಿದ ನರ. ಅದನ್ನು ಕೆಣಕಿದರೆ ಕುರಿ ಉಸಿರು ಮರೆಯುತ್ತದೆ. ನಾಳವನ್ನು ಬಿಡಿಸಿ, ಮೇಲೊಂದು ಕೆಳಗೊಂದು ಹಿಡಿದಾರ ಹಾಕಿ, ಬೆರಳುಗುರಿನಷ್ಟು ಅಗಲದ ಉಂಗುರವನ್ನು ಕತ್ತರಿಸಿ ತೆಗೆಯುವುದು. ತೆಗೆದ ಕೂಡಲೇ ಎರಡು ತುದಿಗಳೂ ಜಗಳವಾಡಿದ ದಾಯಾದಿಗಳ ಹಾಗೆ ಒಂದೊಂದು ಕಡೆಗೆ ಸರಿಯುತ್ತವೆ. ಅವನ್ನು ಎಳೆದು ತಂದು ಕೂಡಿಸುವುದೇ ಕೆಲಸ.

"ಮುಂದಿನ ಸಲ ಕೊಕ್ಕರೆ ಬೆಳ್ಳೂರಿಂದ ಒಂದು ಹೆಜ್ಜಾರ್ಲೆ ಹಿಡ್ಕೊಂಡು ಬಾರೇ," ಅನ್ನುತ್ತಿದ್ದ ಸಹಪಾಠಿ. "ಆ ಹಕ್ಕಿಯ ಚೀಲದಂಥ ಗಂಟಲಿಗಾದ್ರೆ ಒಳಗೆ ಕೂತ್ಕಂಡೇ ಹೊಲೀಬೋದು."

"ಅದಕ್ಕೂ ನೀನೇ ಮದ್ದು ಕೊಡ್ಬೇಕಲ್ಲೋ. ನಿನ್ನ ಕೈಲಿ ಮಲಗಿದ್ದು ಏಳಬೇಕಲ್ಲ."

ಗೈಡ್ ಮುಖ್ಯ ಹೊಲಿಗೆ ಹಾಕುತ್ತಿದ್ದರು, ನಾನು ಎದುರು ನಿಂತು ಹಿಡಿಯುತ್ತಿದ್ದೆ. ಆಮೇಲೆ ಬಾಯಿಗೆ ಏನೂ ಕೊಡದೆ ಮೊದಲು ರಕ್ತನಾಳಕ್ಕೆ ಗ್ಲೂಕೋಸು, ನಂತರ ತೆಳ್ಳಗಿನ ರಾಗಿ ಅಂಬಲಿ, ಆಮೇಲೆ ಎಳೆ ಹುಲ್ಲು. ನಡುವೆ ಬೇರಿಯಂ ಕುಡಿಸಿ ಎಕ್ಸ್‌ರೇ. ಗಾಯ ಮಾಗುವ ಅವಧಿ ಮುಗಿದ ಮೇಲೆ ಕುರಿಯನ್ನು ನೋವಿಲ್ಲದಂತೆ ಸಾಯಿಸಿ, ಕೂಡಿಸಿದ ಭಾಗವನ್ನು ತೆಗೆದು, ಒಂದು ತುದಿ ಕಟ್ಟಿ ಬಣ್ಣದ ನೀರು ತುಂಬಿ, ಬಿಪಿ ನೋಡುವ ಪಾದರಸದ ಕಂಬಕ್ಕೆ ಜೋಡಿಸಿ ಎಷ್ಟು ಒತ್ತಡಕ್ಕೆ ಸೋರುತ್ತದೆ ಅಂತ ನೋಡುವುದು.

ಅರ್ಧ ಕುರಿಗಳು ಮುಗಿಯುವ ಹೊತ್ತಿಗೆ ಯಾರಿಗಾದರೂ ಕಾಣುವಂತಿತ್ತು. ಮಂಗಳವಾರದ ಕುರಿಗಳು, ಅಂದರೆ ಒಂದು ಪದರದವು, ಚೆನ್ನಾಗಿ ಮಾಗುತ್ತಿದ್ದವು. ಗುರುವಾರದ ಕುರಿಗಳ ಕೊರಳು ಊದುತ್ತಿತ್ತು. ಕೆಲವಕ್ಕೆ ಹೊಲಿಗೆ ಬಿಟ್ಟು ಸೋರಿತು, ಮಾಗಿದವುಗಳಲ್ಲೂ ದಾರಿ ಕಿರಿದಾಗಿತ್ತು. ಗೈಡ್ ಎಕ್ಸ್‌ರೇಗಳನ್ನು ಬೆಳಕಿಗೆ ಹಿಡಿದು ಖುಷಿಪಟ್ಟರು. "ಗೆದ್ದೆವು ಕಣಮ್ಮ. ನಿನ್ನ ಪ್ರಬಂಧದ ಕೊನೇ ವಾಕ್ಯ ಈಗಲೇ ಬರ್ಕೋ. ಕುರಿಯ ಅನ್ನನಾಳಕ್ಕೆ ಒಂದು ಪದರದ ಹೊಲಿಗೆಯೇ ಮೇಲು. ಕಾನ್ಫರೆನ್ಸಿಗೂ ಇದನ್ನೇ ಕಳಿಸ್ತೀನಿ. ತಾಲ್ಲೂಕು ಡಾಕ್ಟರುಗಳಿಗೆ ಮಳವಳ್ಳಿಯಲ್ಲಿ ತರಬೇತಿ ಇದೆ, ಅಲ್ಲೂ ಇದನ್ನೇ ಹೇಳೋದು."

ಬರೆದುಕೊಂಡೆ. ಚರ್ಚಾಸ್ಪರ್ಧೆಗೆ ಅಪ್ಪ ನನ್ನನ್ನು ತಯಾರು ಮಾಡುತ್ತಿದ್ದಾಗ ಕಲಿಸಿದ್ದು ಒಂದೇ ಪಾಠ. ನಿನ್ನ ಪಕ್ಷ ಗೆಲ್ಲುತ್ತಿದೆ ಅನ್ನಿಸಿದಾಗ ಎದ್ದು ಹೋಗಿ ಎದುರಾಳಿಯ ಕುರ್ಚಿಯಲ್ಲಿ ಕೂತು ನೋಡು. ನಾನು ಎರಡು ಪದರದ ಕುರ್ಚಿಯಲ್ಲಿ ಕೂತೆ. ಅಲ್ಲಿಂದ ಕಂಡದ್ದು ದವಡೆ.

ಶಸ್ತ್ರಚಿಕಿತ್ಸೆಯ ನಂತರ ಮಧ್ಯಾಹ್ನವೆಲ್ಲ ಕೊಟ್ಟಿಗೆಯಲ್ಲಿ ಕೂರುವುದು ನನ್ನ ಕೆಲಸ. ಗುರುವಾರದ ಕುರಿ ಮದ್ದಿಳಿದು ಎದ್ದು ನಿಂತು, ಹೆಚ್ಚು ಹೊತ್ತಾಗುವ ಮೊದಲೇ ಮೆಲುಕು ಹಾಕಲು ತೊಡಗುತ್ತಿತ್ತು. ಕೊರಳ ಬ್ಯಾಂಡೇಜಿನ ಕೆಳಗೆ ಒಂದು ಉಂಡೆ ಸರ್ರನೆ ಮೇಲೇರುವುದು, ಅಗಿದದ್ದು ಮತ್ತೆ ಇಳಿಯುವುದು ಬರಿಗಣ್ಣಿಗೆ ಕಾಣುತ್ತಿತ್ತು. ಏರುವಾಗೊಮ್ಮೆ ಇಳಿಯುವಾಗೊಮ್ಮೆ, ನಮ್ಮ ಹಸಿ ಹೊಲಿಗೆಯನ್ನು ಉಜ್ಜಿಕೊಂಡು. ಮಂಗಳವಾರದ ಕುರಿ ಮಾತ್ರ ದವಡೆ ಅಲುಗಿಸದೆ ಮಲಗಿರುತ್ತಿತ್ತು. ಆವತ್ತೂ ಇಲ್ಲ, ಮರುದಿನವೂ ಇಲ್ಲ.

ಒಂದು ಪದರಕ್ಕೆ ನೋವು ಜಾಸ್ತಿಯೇನೋ, ಅದಕ್ಕೇ ಮೆಲುಕು ಹಾಕುತ್ತಿಲ್ಲ ಅಂತ ಮೊದಲು ಅಂದುಕೊಂಡೆ. ಆ ಊಹೆಯನ್ನು ಒಂದು ಕುರಿಯ ಸಾವು ಮುರಿಯಿತು. ಮಂಗಳವಾರದ ಕುರಿಯೊಂದು ಕೊಳವೆ ತೆಗೆಯುವಾಗ ಹೊಟ್ಟೆಯಿಂದ ಉಕ್ಕಿದ ನೀರು ಉಸಿರಿಗೆ ಸೇರಿ ಸತ್ತಿತು. ಹೊಲಿಗೆಗೂ ಅದಕ್ಕೂ ಸಂಬಂಧ ಇರಲಿಲ್ಲ. ಮರಣೋತ್ತರ ಪರೀಕ್ಷೆಯಲ್ಲಿ ಕೊರಳಷ್ಟೇ ನೋಡಿ ಮುಗಿಸಿ ಅಂದರು ಗೈಡ್. ಕೊಯ್ದ ಮೇಲೆ ಪೂರ್ತಿ ನೋಡಬೇಕು ಅನ್ನುವುದು ನನ್ನ ಹಟ. ಹೊಟ್ಟೆಯ ದೊಡ್ಡ ಚೀಲ ಬಿಚ್ಚಿದೆ. ಒಂದು ದಿನ ಮೇವು ನಿಲ್ಲಿಸಿದರೆ ಕುರಿಯ ಹೊಟ್ಟೆ ಖಾಲಿಯಾಗುವುದಿಲ್ಲ, ನಾರು ಹಾಸಿನ ಹಾಗೆ ಕೂತಿರುತ್ತದೆ. ಇದರಲ್ಲಿ ಹಾಸೇ ಇರಲಿಲ್ಲ. ಹಸಿರು ನೀರು, ನಡುವೆ ನಾಲ್ಕು ಕಡ್ಡಿ.

ಕೊಟ್ಟಿಗೆಗೆ ಹೋಗಿ ಕೇಳಿದೆ. "ಅಣ್ಣ, ಈ ಕುರಿಗೆ ಮೇವು ನಿಲ್ಲಿಸಿದ್ದು ಯಾವಾಗ?"

"ಬಾನ್ವಾರ."

"ಕೊಯ್ದಿದ್ದು ಮಂಗಳವಾರ ಅಲ್ವಾ?"

"ಊ."

"ಮತ್ತೆ ಸೋಮವಾರ ಮೇವು ಹಾಕಲಿಲ್ವಾ?"

ಅವರಿಗೆ ರೇಗಿತು. "ಏನವ್ವ ಇಂಗ್ ಕೇಳ್ತಿದೀಯ? ಬಾನ್ವಾರ ನಿಲ್ಸು ಅಂತ ಗೋಡೆ ಮ್ಯಾಲೆ ಬರ್ದೋರು ನೀವು. ನಿಲ್ಸುದೆ. ಮತ್ತೆ ಆಕು ಅಂತ ಯಾರಾರ ಯೋಳುದ್ರಾ? ಆಕ್ಬುಟ್ಟಿದ್ರೆ ಯಾಕ್ ಆಕ್ದೆ ಅಂತ ಆಗ್ಲೂ ನನ್ನೇ ಬಯ್ಯೋರು."

ಅವರ ಮಾತಿನಲ್ಲಿ ಒಂದು ಅಕ್ಷರವನ್ನೂ ಖಂಡಿಸಲಾಗಲಿಲ್ಲ. ಅಲ್ಲೇ ಮೇವಿನ ಹೊರೆಯ ಮೇಲೆ ಕೂತೆ. ಕತ್ತಿ ಮಂಗಳವಾರಕ್ಕೆ ಸರಿದಿತ್ತು, ಉಪವಾಸ ಭಾನುವಾರದಲ್ಲೇ ಉಳಿದಿತ್ತು. ಒಂದು ಪದರದ ಕುರಿಗಳೆಲ್ಲ ಒಂದು ದಿನ ಹೆಚ್ಚು ಹಸಿದಿದ್ದವು. ಹೊಟ್ಟೆಯಲ್ಲಿ ನಾರಿಲ್ಲ, ಮೆಲುಕಿಲ್ಲ, ಹೊಲಿಗೆಯ ಮೇಲೆ ಉಜ್ಜಾಟವಿಲ್ಲ. ನಾವು ಎರಡು ಹೊಲಿಗೆಗಳನ್ನು ಹೋಲಿಸುತ್ತಿದ್ದೇವೆ ಅಂದುಕೊಂಡಿದ್ದೆವು. ಹೋಲಿಸಿದ್ದು ಎರಡು ಹೊಟ್ಟೆಗಳನ್ನೂ ಇರಬಹುದು.

ಗೈಡ್ ಕೋಣೆಗೆ ಹೋದೆ. ಅವರು ಪೂರ್ತಿ ಕೇಳಿದರು. ಕೇಳುವುದರಲ್ಲಿ ಅವರು ಯಾವತ್ತೂ ಜಿಪುಣರಲ್ಲ.

"ಒಂದಿನ ಉಪವಾಸ ಹೆಚ್ಚಾದ್ರೆ ಹೊಲಿಗೆ ಹಣೆಬರಹ ಬದಲಾಗುತ್ತೇನಮ್ಮ? ಒಂದು ಪದರದಲ್ಲಿ ದಾರ ಕಡಿಮೆ, ರಕ್ತ ಚೆನ್ನಾಗಿ ಓಡುತ್ತೆ. ಮಾಗಲೇಬೇಕು."

"ಮಾಗಲೇಬೇಕು ಅಂತ ಮೊದಲೇ ಗೊತ್ತಿದ್ರೆ ಕುರಿ ಯಾಕೆ ಕೊಯ್ದೆವು ಸಾರ್?"

ಅವರ ಮುಖ ಬಿಗಿಯಿತು. "ನಿಮ್ಮನೇಲಿ ಸೋಮವಾರ, ಶನಿವಾರ ಅಂತ ಏನೂ ಇಲ್ಲ. ಇರೋರ ಮನೆ ವಿಷಯ ನಿಂಗೆ ತಮಾಷೆಯಾಗಿ ಕಾಣುತ್ತೆ. ಬಿಡು."

ಇದನ್ನು ನಾನು ನಿರೀಕ್ಷಿಸಿರಲಿಲ್ಲ. ಸಿಟ್ಟಿನಲ್ಲಿ ಮೊದಲು ಹೊಳೆದ ಉತ್ತರವನ್ನು ನುಂಗಿ ಎರಡನೆಯದನ್ನು ಹೇಳುವುದನ್ನು ವೇದಿಕೆ ನನಗೆ ಕಲಿಸಿದೆ.

"ಸಾರ್, ನನ್ನ ತಕರಾರು ಸೋಮವಾರದ ಮೇಲಲ್ಲ. ಭಾನುವಾರದ ಮೇಲೆ. ಕತ್ತಿ ನಾಳೆಗೆ ಹೋಗ್ಲಿ, ಮೇವೂ ನಾಳೆಗೆ ಹೋಗ್ಬೇಕಿತ್ತು. ಅಷ್ಟೇ."

"ಈಗೇನು ಮಾಡ್ಬೇಕು ಅಂತೀಯ? ಮತ್ತೆ ಮೊದಲಿಂದ ಕೊಯ್ಯೋದಾ? ಇಷ್ಟು ಪ್ರಾಣಿ ಸಾಲದಾ ನಿಂಗೆ?"

ಇದು ಗಟ್ಟಿ ಪ್ರಶ್ನೆ. ಅವರು ಕೊನೆಗೆ ಮೆತ್ತಗೆ ಅಂದರು: "ನೋಡಮ್ಮ, ಆ ವಾಕ್ಯ ಇದ್ರೆ ನಾನು ಸಹಿ ಹಾಕ್ತೀನಿ. ಇಲ್ಲ ಅಂದ್ರೆ ಹಾಕಲ್ಲ. ನಾನು ನಂಬದ ಮಾತಿಗೆ ನಾನು ಸಹಿ ಹಾಕಲ್ಲ, ನೀನೇ ಹೇಳೋ ನ್ಯಾಯ." ಸಹಿ ಇಲ್ಲದಿದ್ದರೆ ಪ್ರಬಂಧ ಇಲ್ಲ, ಪ್ರಬಂಧ ಇಲ್ಲದಿದ್ದರೆ ಪದವಿ ಇಲ್ಲ. ಒಂದು ವಾಕ್ಯಕ್ಕೆ ಎಷ್ಟು ತೂಕ ಅಂತ ಆವತ್ತು ಗೊತ್ತಾಯಿತು.

ಬಸ್ಸಿನಲ್ಲಿ ಸಹಪಾಠಿ ಬುದ್ಧಿ ಹೇಳಿದ. "ಒಂದು ಲೈನು ಬರ್ದು ಬಿಸಾಕೇ. ಡಿಗ್ರಿ ಬಂದ್ಮೇಲೆ ಎಷ್ಟು ಬೇಕಾದ್ರೂ ಕಿತ್ತಾಡು. ಯಾರ್ ಓದ್ತಾರೆ ನಿನ್ ಥೀಸೀಸ್ನ? ಜಿರಲೆ ಓದ್ಬೇಕು."

"ಮಳವಳ್ಳೀಲಿ ಓದ್ತಾರೆ ಕಣೋ. ಓದಲ್ಲ, ಕೇಳ್ತಾರೆ. ಕೇಳ್ಕೊಂಡು ಹೋಗಿ ಹಸು ಕೊಯ್ತಾರೆ. ಗಂಟಲಿಗೆ ಕಬ್ಬು ಸಿಕ್ಕಿಸ್ಕೊಂಡು ಬರೋ ಹಸು ಹೊಟ್ಟೆ ತುಂಬಾ ಮೇದಿರುತ್ತೆ. ನಮ್ಮದು ಖಾಲಿ ಹೊಟ್ಟೆ ಕುರಿ."

ಅವನು ಕಿಟಕಿ ಕಡೆ ತಿರುಗಿ ಕೂತ. "ಅದೂ ಸರೀನೇ. ನಿನ್ ಜೊತೆ ಸೇರಿ ನಾನೂ ಕೆಡ್ತೀನಿ ಅನ್ಸುತ್ತೆ," ಅಂದ.

ಮನೆಗೆ ಫೋನು ಮಾಡಿದೆ. ಅಪ್ಪ ಏನು ಹೇಳಬಹುದೆಂದು ಗೊತ್ತಿತ್ತು, ಆದ್ದರಿಂದ ಅವ್ವನನ್ನು ಕೇಳಿದೆ. "ಸೈನು ಆಕ್ನಿಲ್ಲ ಅಂದ್ರೆ ಇನ್ನೊಂದ್ ವರ್ಸ ಓದು," ಅಂದಳು. "ಓದಾದೇನು ನಿಂಗೆ ಒಸದಾ? ಆದ್ರೆ ಮೇಸ್ಟ್ರ ಮುಂದೆ ಗಂಟ್ಲೆತ್ತಿ ಮಾತಾಡ್ಬ್ಯಾಡ. ಮೆಲ್ಲುಗ್ ಮಾತಾಡು. ಮೆಲ್ಲುಗ್ ಮಾತಾಡುದ್ರೆ ಅವ್ರಿಗೆ ಜಾಸ್ತಿ ಉರೀತದೆ."

ಇಷ್ಟು ಪ್ರಾಣಿ ಸಾಲದಾ ಅನ್ನುವ ಗೈಡ್ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಕೊಟ್ಟಿಗೆಯಲ್ಲೇ. ನಮಗೆ ಒಪ್ಪಿಗೆ ಸಿಕ್ಕಿದ್ದ ಕುರಿಗಳಲ್ಲಿ ನಾಲ್ಕು ಇನ್ನೂ ಉಳಿದಿದ್ದವು. ಹೊಸ ಕುರಿ ಬೇಡ. ಇರುವ ನಾಲ್ಕರಲ್ಲೇ ಹೊಟ್ಟೆಯನ್ನು ಅದಲು ಬದಲು ಮಾಡಿದರೆ? ಎರಡು ಪದರಕ್ಕೆ ಮಂಗಳವಾರದ ಹೆಚ್ಚು ಹಸಿದ ಕುರಿ, ಒಂದು ಪದರಕ್ಕೆ ಗುರುವಾರದ ಕುರಿ. ನಾಲ್ಕರಿಂದ ಯಾವುದೂ ಸಾಬೀತಾಗುವುದಿಲ್ಲ, ಅದು ನನಗೆ ಗೊತ್ತಿತ್ತು. ಸಾಬೀತಾಯಿತು ಅನ್ನುವವರ ಬಾಯಿಗೆ ಒಂದು ಅಲ್ಪವಿರಾಮ ಬಿದ್ದರೆ ನನಗೆ ಅಷ್ಟೇ ಸಾಕಿತ್ತು.

ಗೈಡ್ ಬೇಡ ಅಂದರು. ನೀವು ಬೇಡ ಅಂದಿದ್ದೀರಿ ಅನ್ನುವುದನ್ನೂ ಸೇರಿಸಿ ಸಮಿತಿಗೆ ಅರ್ಜಿ ಕೊಡುತ್ತೇನೆ ಸಾರ್ ಅಂತ ಅವರಿಗೇ ಹೇಳಿ ಕೊಟ್ಟೆ. ಮೆಲ್ಲಗೆ ಹೇಳಿದೆ. ಅವ್ವನ ಮಾತು ನಿಜವಾಯಿತು.

ಸಮಿತಿಯಲ್ಲಿ ವಿಜ್ಞಾನದವರಲ್ಲದ ಒಬ್ಬರು ಇರಬೇಕು ಅಂತ ನಿಯಮ. ನಮ್ಮಲ್ಲಿ ಇದ್ದವರು ಮಂಡ್ಯದ ಒಬ್ಬ ವಯಸ್ಸಾದ ವಕೀಲರು. ನಾನು ಸೋಮವಾರದ ಕತೆಯನ್ನು ಮುಚ್ಚುಮರೆಯಿಲ್ಲದೆ ಹೇಳಿದಾಗ ಉಳಿದವರು ಮೇಜು ನೋಡಿದರು. ವಕೀಲರು ಕೇಳಿದರು: "ಇದಕ್ಕೆ ಎಷ್ಟು ಕುರಿ ಜಾಸ್ತಿ ಬೇಕಮ್ಮ?"

"ಒಂದೂ ಬೇಡ ಸಾರ್."

"ಕುರಿಗೆ ನೋವು ಜಾಸ್ತಿಯಾಗುತ್ತಾ?"

"ಎರಡು ಕುರಿ ಇನ್ನೊಂದು ದಿನ ಹಸೀತವೆ. ಅದು ಸಮಿತಿಗೆ ಗೊತ್ತಿದ್ದು ಹಸಿಯೋದು. ಇಲ್ಲೀವರೆಗೆ ಗೊತ್ತಿಲ್ಲದೆ ಹಸಿದವು."

ಒಪ್ಪಿಗೆ ಸಿಕ್ಕಿತು. ಗೈಡ್ ಸಭೆಯಲ್ಲಿ ಎದುರಾಡಲಿಲ್ಲ. ಹೊರಗೆ ಬಂದ ಮೇಲೆ, "ಮಾಡ್ಕೊ. ನಾನು ಕೈ ಹಾಕಲ್ಲ," ಅಂದರು.

ಇದರ ಪೆಟ್ಟು ಎಲ್ಲಿ ಬೀಳುತ್ತದೆ ಅಂತ ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅವರು ಹೊಲಿಯದಿದ್ದರೆ ನಾನು ಹೊಲಿಯಬೇಕು. ಕೈ ಬದಲಾಯಿತು. ಇನ್ನು ಏನೇ ಆದರೂ ಹುಡುಗಿಯ ಕೈ ಸರಿಯಿಲ್ಲ ಅಂತ ಒಂದೇ ಮಾತಿನಲ್ಲಿ ಮುಗಿಸಬಹುದು. ಬಿಟ್ಟುಬಿಡಲೇ ಅಂತ ಆ ದಿನ ಒಮ್ಮೆ ಯೋಚಿಸಿದ್ದು ನಿಜ. ಆದರೆ ಬಿಟ್ಟರೆ ಉಳಿಯುವುದು ಆ ವಾಕ್ಯ ಒಂದೇ. ಕಸಾಯಿಖಾನೆಯಿಂದ ಕುರಿಯ ಅನ್ನನಾಳಗಳನ್ನು ತಂದು ಹಾಸ್ಟೆಲಿನ ನೀರುಮನೆಯಲ್ಲಿ ಕೂತು ಹೊಲಿದೆ, ನಲ್ಲಿಗೆ ಕಟ್ಟಿ ನೀರು ಬಿಟ್ಟು ನೋಡಿದೆ, ಸೋರಿದ್ದನ್ನು ಬಿಚ್ಚಿ ಮತ್ತೆ ಹೊಲಿದೆ. ಪಕ್ಕದ ಕೋಣೆಯವರು ವಾಸನೆಗೆ ಬೈದರು. ಬೈಯಲಿ ಅಂತ ಬಿಟ್ಟೆ.

ಮಂಗಳವಾರ ಮೊದಲ ಎರಡು ಪದರದ ಕುರಿ. ಒಳಪದರದ ಮೊದಲ ಗಂಟನ್ನು ಹಾಕಿ, ಬಿಚ್ಚಿ, ಮತ್ತೆ ಹಾಕಿದೆ.

"ಕುರಿ ನಿದ್ದೆ ಮಾಡ್ತಾ ಅದೆ. ನೀನ್ಯಾಕವ್ವ ಎದ್ರುಕೋತೀಯ? ಒಲಿ," ಅಂದ ಸಹಪಾಠಿ, ಬೇಕೆಂದೇ ಕೊಟ್ಟಿಗೆಯ ಅಣ್ಣನ ದನಿಯಲ್ಲಿ.

ಗೈಡ್ ಹೊಲಿದದ್ದಕ್ಕಿಂತ ಬಹಳ ಹೊತ್ತು ಹಿಡಿಯಿತು. ಕುರಿ ಎದ್ದಿತು. ದವಡೆ ಅಲುಗಲಿಲ್ಲ. ಮುಂದಿನ ಮಂಗಳವಾರದ ಕುರಿಯೂ ಹಾಗೆಯೇ. ಎರಡೂ ಮಾಗಿದವು. ಬೇರಿಯಂ ಕುಡಿಸಿದರೆ ಬಿಳಿ ಗೆರೆ ತಡೆಯಿಲ್ಲದೆ ಇಳಿಯಿತು. ಒಂದರಲ್ಲಿ ಮಾತ್ರ ಕೂಡಿಸಿದ ಜಾಗದಲ್ಲಿ ದಾರಿ ತುಸು ಕಿರಿದಾಗಿತ್ತು. ಅದನ್ನೂ ಬರೆದೆ.

ಗುರುವಾರದ ಒಂದು ಪದರದ ಕುರಿಗಳಲ್ಲಿ ಒಂದು ಮಾಗಿತು. ಇನ್ನೊಂದು ಆ ಸಂಜೆಗೇ ಮೆಲುಕು ಶುರುಮಾಡಿತು. ಬ್ಯಾಂಡೇಜಿನ ಕೆಳಗೆ ಉಂಡೆ ಏರುವುದನ್ನು ಕೂತು ನೋಡಿದೆ. ನಿಲ್ಲಿಸಲು ನನ್ನ ಹತ್ತಿರ ಏನೂ ಇರಲಿಲ್ಲ. ಕೆಲವು ದಿನದಲ್ಲಿ ಕೊರಳು ಊದಿತು. ಒತ್ತಿದರೆ ಚರ್ಮದ ಕೆಳಗೆ ಗಾಳಿ ಚರಚರ ಅಂದಿತು, ಬಿಚ್ಚಿದಾಗ ಕೆಟ್ಟ ವಾಸನೆ. ಹೊಲಿಗೆ ಬಿಟ್ಟಿತ್ತು. ಸಮಿತಿಯ ನಿಯಮದಂತೆ ಅದನ್ನು ಆಗಲೇ ನೋವಿಲ್ಲದೆ ಸಾಯಿಸಬೇಕು. ಸಾಯಿಸಿದೆ. ಅದರ ಹೊಟ್ಟೆಯ ಚೀಲದಲ್ಲಿ ನಾರು ಹಾಸಿನ ಹಾಗೆ ಕೂತಿತ್ತು.

ನನ್ನ ವಾದಕ್ಕೆ ಬಲ ಬಂತು ಅಂತ ಯಾರಾದರೂ ಅಂದುಕೊಂಡರೆ, ಆ ಕುರಿಯ ಮುಂದೆ ನಿಂತಿದ್ದಾಗ ನನಗೆ ಬಲ ಬಂದ ಹಾಗೆ ಇರಲಿಲ್ಲ. ಅದು ನನ್ನ ಕೈಯ ಹೊಲಿಗೆ. ಬಿಟ್ಟದ್ದು ಹೊಟ್ಟೆಯಿಂದಲೋ ನನ್ನ ಕೈಯಿಂದಲೋ ನಾನು ಹೇಳಲಾರೆ. ಹೇಳಲಾರೆ ಅನ್ನುವುದನ್ನೇ ಬರೆಯಬೇಕಿತ್ತು. ಕೊನೆಯ ವಾಕ್ಯ ಹೊಡೆದು ಹಾಕಿ ಹೀಗೆ ಬರೆದೆ: ಎರಡು ಗುಂಪುಗಳ ಉಪವಾಸ ಬೇರೆ ಬೇರೆಯಾಗಿದ್ದುದರಿಂದ, ಯಾವ ಹೊಲಿಗೆ ಮೇಲು ಎಂದು ಈ ಪ್ರಯೋಗದಿಂದ ಹೇಳಲು ಬರುವುದಿಲ್ಲ. ಉಪವಾಸ ಏಕೆ ಬೇರೆಯಾಯಿತು ಎಂಬುದನ್ನೂ ಬರೆದೆ. ಬಸವಪ್ಪನ ವಾರವನ್ನು ಇಂಗ್ಲಿಷಿನಲ್ಲಿ ಬರೆಯಬಹುದು. ಕಷ್ಟವೇನಿಲ್ಲ, ಬರೆಯುವವರು ಬೇಕು ಅಷ್ಟೆ.

ಗೈಡ್ ಪ್ರಬಂಧವನ್ನು ತೆಗೆದುಕೊಂಡರು. ಸಹಿ ಹಾಕಲಿಲ್ಲ, ವಾಪಸೂ ಕೊಡಲಿಲ್ಲ. ಕೇಳಿದಾಗಲೆಲ್ಲ "ನೋಡ್ತಿದೀನಿ" ಅನ್ನುತ್ತಿದ್ದರು. ಸಲ್ಲಿಸುವ ಗಡುವು ಹತ್ತಿರವಾಗುತ್ತಿತ್ತು. ಅಷ್ಟರಲ್ಲಿ ಮಳವಳ್ಳಿಯ ತರಬೇತಿ ಬಂತು. ಸಲಕರಣೆ ಜೋಡಿಸಲು ನನ್ನನ್ನೂ ಕರೆದುಕೊಂಡು ಹೋದರು. ಕಾರಿನಲ್ಲಿ ಅವರ ಚೀಲದೊಳಗೆ ನನ್ನ ಪ್ರಬಂಧದ ನೀಲಿ ರಟ್ಟು ಕಾಣುತ್ತಿತ್ತು. ದಾರಿಯುದ್ದಕ್ಕೂ ಭತ್ತದ ಬಗ್ಗೆ, ನಾಲೆ ನೀರಿನ ಬಗ್ಗೆ ಮಾತಾಡಿದರು. ಇಳಿಯುವ ಮೊದಲು ಅಂದರು: "ಈ ವಾರ ಮುಗಿಸಿಬಿಡಣ ನಿಂದು. ಒಂದು ಸಾಲು ತಾನೆ."

ಸಭಾಂಗಣದಲ್ಲಿ ಸುತ್ತಲಿನ ಹೋಬಳಿಗಳ ಪಶುವೈದ್ಯರು ಇದ್ದರು. ಬೆಳಿಗ್ಗೆ ಒಂದು ಸುತ್ತು ಹಳ್ಳಿ ತಿರುಗಿ ಬಂದವರು, ಕೆಲವರ ಬೂಟಿನಲ್ಲಿ ಇನ್ನೂ ಸಗಣಿ. ಹಲಗೂರು ಕಡೆಯ ಒಬ್ಬರು, ಹೋದ ತಿಂಗಳು ಕಬ್ಬು ಸಿಕ್ಕಿಕೊಂಡ ಹಸುವೊಂದು ಕಣ್ಣೆದುರೇ ಹೋಯಿತು, ಕೊಯ್ಯಲು ಧೈರ್ಯ ಸಾಲಲಿಲ್ಲ, ಇವತ್ತು ಕಲಿತುಕೊಂಡೇ ಹೋಗಬೇಕು ಅಂತ ಪುಸ್ತಕ ತೆರೆದು ಮುಂದಿನ ಸಾಲಿನಲ್ಲಿ ಕೂತಿದ್ದರು.

ಗೈಡ್ ಚೆನ್ನಾಗಿ ಮಾತಾಡಿದರು. ಪರದೆಯ ಮೇಲೆ ಮಂಗಳವಾರದ ಕುರಿಗಳ ಎಕ್ಸ್‌ರೇ ಒಂದಾದ ಮೇಲೊಂದು ಬಂದವು. ಬಿಳಿ ಗೆರೆ ಎಲ್ಲದರಲ್ಲೂ ನೇರ. "ಕುರಿ ಸಾಬೀತು ಮಾಡಿಕೊಟ್ಟಿದೆ," ಅಂದರು. "ಹಸುವಿಗೂ ಇದೇ. ಒಂದು ಪದರ. ಹೆದರಬೇಡಿ, ಹೊಲೀರಿ." ಮುಂದಿನ ಸಾಲಿನವರು ಬರೆದುಕೊಂಡರು. ಪ್ರಶ್ನೆಗಳಿದ್ದರೆ ಕೇಳಿ ಅಂತ ಗೈಡ್ ನೀರು ಕುಡಿದರು.

ನಾನು ಹಿಂದೆ ಸಲಕರಣೆಯ ಪೆಟ್ಟಿಗೆಗಳ ಪಕ್ಕ ನಿಂತಿದ್ದೆ. ಕೈ ಎತ್ತಿದೆ. ಅವರು ನನ್ನನ್ನು ದಾಟಿ ಬೇರೆ ಕೈ ಹುಡುಕಿದರು. ಬೇರೆ ಕೈ ಇರಲಿಲ್ಲ. ಎಲ್ಲರೂ ಹಿಂದೆ ತಿರುಗಿದರು. ನಾನು ಗಂಟಲೆತ್ತಲಿಲ್ಲ.

"ಸಾರ್, ಈ ಎಕ್ಸ್‌ರೇನಲ್ಲಿರೋ ಕುರಿಗಳನ್ನ ಕೊಯ್ಯೋ ಹೊತ್ತಿಗೆ ಅವು ಮೇವು ಮುಟ್ಟಿ ಎಷ್ಟು ದಿನ ಆಗಿತ್ತು ಅಂತ ಇವರಿಗೆ ನೀವು ಹೇಳ್ತೀರಾ, ಇಲ್ಲಾ ನಾನು ಹೇಳ್ಲಾ?"